ನಿದ್ರೆ ತರುವುದೆನ್ನುವ ಪೆಪ್ಟೈಡ್: ಸಾಕ್ಷ್ಯವನ್ನು ಅಳೆಯುವ ಬಗೆ

(ಚನ್ನಪಟ್ಟಣ ತಾಲ್ಲೂಕು ವಿರೂಪಾಕ್ಷಿಪುರದ ದತ್ತಿ ಉಪನ್ಯಾಸದ ಲಿಖಿತ ರೂಪ)

ಭಾರತದಲ್ಲಾಗಲಿ ಅಮೆರಿಕದಲ್ಲಾಗಲಿ ನಿದ್ರಾಹೀನತೆಯ ಔಷಧವೆಂದು ಅನುಮೋದನೆ ಪಡೆಯದಿದ್ದರೂ, ಪುಟ್ಟ ಗಾಜಿನ ಸೀಸೆಗಳಲ್ಲಿ ಬಿಳಿ ಪುಡಿಯಾಗಿ ದೇಶದೇಶಗಳಲ್ಲಿ ಮಾರಾಟವಾಗುತ್ತಿರುವ ವಸ್ತುಗಳ ಪೈಕಿ ಡೆಲ್ಟಾ ನಿದ್ರಾಪ್ರೇರಕ ಪೆಪ್ಟೈಡ್ ಒಂದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಅದನ್ನು ಡಿ.ಎಸ್.ಐ.ಪಿ. ಎನ್ನುವುದು ರೂಢಿ. ಇಂಥ ಸೀಸೆಗಳ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಸೂಚನೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದುಂಟು, ಆದರೆ ಅವನ್ನು ಕೊಳ್ಳುವವರಲ್ಲಿ ಸಂಶೋಧಕರಲ್ಲದೆ ರಾತ್ರಿಯಿಡೀ ಹಾಸಿಗೆಯಲ್ಲಿ ಹೊರಳಾಡುವವರೂ ಇದ್ದಾರೆ. ಈ ವಸ್ತುವಿನ ಪರವಾಗಿ ಇರುವ ವೈಜ್ಞಾನಿಕ ಸಾಕ್ಷ್ಯ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಈ ಉಪನ್ಯಾಸದ ವಿಷಯವಾಗಿದ್ದು, ಅದಕ್ಕೆ ಬೇಕಾದ ಅಳತೆಗೋಲು ರೇಷ್ಮೆ ಬೆಳೆಯುವ ಈ ನಾಡಿಗೆ ಪರಕೀಯವೇನಲ್ಲ. ರೇಷ್ಮೆಹುಳುವಿನ ದೇಹದಲ್ಲೇ ಇರುವ, ಮೊಟ್ಟೆಯನ್ನು ಸುಪ್ತಾವಸ್ಥೆಗೆ ಕಳುಹಿಸುವ ಇನ್ನೊಂದು ಪೆಪ್ಟೈಡಿನ ಶೋಧದ ಚರಿತ್ರೆಯಲ್ಲಿ ಆ ಅಳತೆಗೋಲು ಸಿದ್ಧವಾಗಿ ದೊರೆಯುತ್ತದೆ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಒಂದರ ಬೆನ್ನಿಗೊಂದು ಸೇರಿ ಆದ ಕಿರುಸರಣಿ; ಇಂಥ ಸರಣಿ ಬಹಳ ಉದ್ದವಾಗಿ ಬೆಳೆದು ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡಾಗ ಅದನ್ನು ಪ್ರೋಟೀನ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿದ್ದರೆ, ಹೆರಿಗೆಯ ನೋವು ಬರಿಸಲು ಆಸ್ಪತ್ರೆಗಳಲ್ಲಿ ಕೊಡುವ ಆಕ್ಸಿಟೋಸಿನ್‌ನಲ್ಲಿ ಒಂಬತ್ತೇ ಇವೆ. ಡಿ.ಎಸ್.ಐ.ಪಿ. ಕೂಡ ಒಂಬತ್ತು ಅಮೈನೋ ಆಮ್ಲಗಳದ್ದೇ: ಟ್ರಿಪ್ಟೋಫ್ಯಾನ್‌ನಿಂದ ಮೊದಲಾಗಿ ಗ್ಲುಟಾಮಿಕ್ ಆಮ್ಲದಲ್ಲಿ ಮುಗಿಯುವ ಈ ಸರಣಿಯಲ್ಲಿ ಗ್ಲೈಸೀನ್ ಮೂರು ಸಲ, ಅಲನೀನ್ ಎರಡು ಸಲ ಬರುತ್ತವೆ. ಆದ್ದರಿಂದ ‘ಇಷ್ಟು ಚಿಕ್ಕ ಅಣು ದೇಹದಲ್ಲಿ ಏನು ಮಾಡೀತು’ ಎಂಬ ಆಕ್ಷೇಪಕ್ಕೆ ಬೆಲೆಯಿಲ್ಲ. ಗಾತ್ರದಲ್ಲಿ ಅಷ್ಟೇ ಇರುವ ಆಕ್ಸಿಟೋಸಿನ್ ಗರ್ಭಕೋಶವನ್ನೇ ಹಿಂಡಬಲ್ಲದು. ಪ್ರಶ್ನೆ ಇರುವುದು ಬೇರೆಡೆ.

ನಿದ್ರೆಯನ್ನು ಅಳೆಯುವ ಕ್ರಮವನ್ನು ಮೊದಲು ತಿಳಿಯದೆ ಆ ಪ್ರಶ್ನೆಯನ್ನು ಎತ್ತಲಾಗದು. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ನೆತ್ತಿಯ ಮೇಲಿಂದಲೇ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ ತೋರಿಸಿದ ಮೇಲೆ, ಎಚ್ಚರ ಮತ್ತು ನಿದ್ರೆಗಳನ್ನು ಬರಿಗಣ್ಣಿಗೆ ಕಾಣುವ ಚಲನೆಯಿಂದಲ್ಲದೆ ಇ.ಇ.ಜಿ. ಎಂಬ ಈ ತರಂಗಲೇಖದಿಂದ ಗುರುತಿಸುವುದು ಸಾಧ್ಯವಾಯಿತು. ಎಚ್ಚರದಲ್ಲಿ ತರಂಗಗಳು ಸಣ್ಣವು, ಅವಸರದವು. ನಿದ್ರೆ ಆಳವಾದಂತೆ ಅವು ನಿಧಾನಗೊಂಡು ಎತ್ತರವಾಗುತ್ತವೆ. ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಬಾರಿ ಏರಿಳಿಯುವ ದೊಡ್ಡ ತರಂಗಗಳಿಗೆ ಡೆಲ್ಟಾ ಎಂದು ಹೆಸರು. ಈ ಪೆಪ್ಟೈಡಿನ ಹೆಸರಿನಲ್ಲಿರುವ ಡೆಲ್ಟಾ ಇದೇ. ಆದರೆ ಡೆಲ್ಟಾ ತರಂಗ ಕಂಡಲ್ಲೆಲ್ಲ ಸಹಜ ನಿದ್ರೆಯಿದೆ ಎನ್ನುವಂತಿಲ್ಲ. ಅರಿವಳಿಕೆಯಲ್ಲಿಯೂ ಮಿದುಳಿಗೆ ಪೆಟ್ಟಾದಾಗಲೂ ಅದು ಕಾಣಿಸಿಕೊಳ್ಳುತ್ತದೆ. ನಿದ್ರೆಯೆನ್ನಬೇಕಾದರೆ ತಟ್ಟಿದರೆ ಎಚ್ಚರವಾಗಬೇಕು, ಕಳೆದುಕೊಂಡ ನಿದ್ರೆಯನ್ನು ದೇಹ ಆಮೇಲೆ ತುಂಬಿಕೊಳ್ಳಬೇಕು. ಜ್ವರಕ್ಕೆ ಕೂತ ರೇಷ್ಮೆಹುಳು ತಲೆಯೆತ್ತಿ, ಸೊಪ್ಪು ಮುಟ್ಟದೆ, ಅಲುಗಾಡದೆ ಸುಮಾರು ಒಂದು ದಿನ ಇರುವುದನ್ನು ಈ ಹೋಬಳಿಯಲ್ಲಿ ನೋಡದವರಿಲ್ಲ. ಆದರೂ ಅದು ಪೊರೆ ಕಳಚುವ ಸಿದ್ಧತೆಯೇ ಹೊರತು ರಾತ್ರಿಯ ನಿದ್ರೆಯಂಥದಲ್ಲ. ಪ್ರಾಣಿ ಸುಮ್ಮನಾಗಿದೆ ಎಂಬುದೊಂದೇ ಸಾಕ್ಷ್ಯವಾಗಲಾರದು ಎಂಬ ಈ ಎಚ್ಚರಿಕೆ ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಎಚ್ಚರವಿದ್ದಷ್ಟು ಹೊತ್ತು ದೇಹದಲ್ಲಿ ಯಾವುದೋ ವಸ್ತು ಶೇಖರವಾಗುತ್ತ ಹೋಗಿ ಕೊನೆಗೆ ಅದೇ ನಿದ್ರೆಯನ್ನು ಎಳೆದು ತರುತ್ತದೆ ಎಂಬ ಊಹೆಗೆ ಶತಮಾನಕ್ಕೂ ಹೆಚ್ಚಿನ ವಯಸ್ಸಾಗಿದೆ. ಜಪಾನಿನ ಕುನಿಯೋಮಿ ಇಶಿಮೋರಿ 1909ರಲ್ಲಿಯೂ, ಫ್ರಾನ್ಸಿನ ರೆನೆ ಲೆಜಾಂದ್ರ್ ಮತ್ತು ಆನ್ರಿ ಪಿಯೆರಾನ್ 1913ರ ಸುಮಾರಿನಲ್ಲಿಯೂ, ಬಹುಕಾಲ ನಿದ್ರೆಗೆಡಿಸಿದ ನಾಯಿಗಳಿಂದ ತೆಗೆದ ಸಾರವನ್ನು ಚೆನ್ನಾಗಿ ನಿದ್ರಿಸಿದ್ದ ನಾಯಿಗಳಿಗೆ ಕೊಟ್ಟು ಅವು ಮಂಪರಿಗೆ ಜಾರಿದ್ದನ್ನು ವರದಿ ಮಾಡಿದರು. ಆ ಕಾಲಕ್ಕೆ ಇ.ಇ.ಜಿ. ಇರಲಿಲ್ಲ. ಮುಂದೆ ಅಮೆರಿಕದ ಹಾರ್ವರ್ಡ್‌ನಲ್ಲಿ ಜಾನ್ ಪಾಪೆನ್‌ಹೈಮರ್ ತಂಡ ಇದೇ ಜಾಡಿನಲ್ಲಿ ವರ್ಷಗಟ್ಟಲೆ ದುಡಿದು ‘ಫ್ಯಾಕ್ಟರ್ ಎಸ್’ ಎಂಬ ವಸ್ತುವನ್ನು ಶುದ್ಧೀಕರಿಸಿ ನೋಡಿದಾಗ, 1982ರಲ್ಲಿ ಅದು ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಮುರಮೈಲ್ ಪೆಪ್ಟೈಡ್ ಎಂದು ತಿಳಿದುಬಂತು. ಮಿದುಳು ತಾನೇ ತಯಾರಿಸುವ ನಿದ್ರಾವಸ್ತುವನ್ನು ಹುಡುಕಹೊರಟವರ ಕೈಗೆ ಸಿಕ್ಕಿದ್ದು, ಸೋಂಕು ತಗುಲಿದವನಿಗೆ ಮಂಪರು ಕವಿಯುವುದೇಕೆ ಎಂಬುದರ ಸುಳಿವು. ಅದೂ ಬೆಲೆಯುಳ್ಳ ಫಲವೇ, ಆದರೆ ಹುಡುಕಿದ ಫಲವಲ್ಲ.

ಡಿ.ಎಸ್.ಐ.ಪಿ. ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿನ ಮಾರ್ಸೆಲ್ ಮೊನಿಯೆ 1960ರ ದಶಕದಲ್ಲಿ ಮೊಲದ ಮಿದುಳಿನ ಒಳಭಾಗವಾದ ಥ್ಯಾಲಮಸ್ಸನ್ನು ಮಂದ ವಿದ್ಯುತ್ತಿನಿಂದ ಪ್ರಚೋದಿಸಿ ಅದನ್ನು ನಿದ್ರೆಗೆ ತಂದು, ಆ ಹೊತ್ತಿನಲ್ಲಿ ಮಿದುಳಿನಿಂದ ಹೊರಬರುವ ಸಿರೆಯ ರಕ್ತವನ್ನು ಸೋಸಿ, ಸೋಸಿ ಬಂದ ದ್ರವವನ್ನು ಎಚ್ಚರವಿದ್ದ ಇನ್ನೊಂದು ಮೊಲಕ್ಕೆ ಕೊಟ್ಟಾಗ ಅದರ ಇ.ಇ.ಜಿ.ಯಲ್ಲಿಯೂ ಡೆಲ್ಟಾ ತರಂಗಗಳು ಹೆಚ್ಚಿದ್ದನ್ನು ಕಂಡರು. ಜೀವರಸಾಯನ ತಜ್ಞ ಗೈಡೋ ಶೋನೆನ್‌ಬರ್ಗರ್ ಜೊತೆಗೂಡಿದ ಮೇಲೆ ಆ ದ್ರವದಿಂದ ಕ್ರಿಯಾಶೀಲ ಅಂಶವನ್ನು ಬೇರ್ಪಡಿಸಿ, ಅದರ ಒಂಬತ್ತು ಅಮೈನೋ ಆಮ್ಲಗಳ ಅನುಕ್ರಮವನ್ನು ನಿರ್ಧರಿಸಿ, ಅದೇ ಅನುಕ್ರಮದಲ್ಲಿ ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿ, ಆ ಕೃತಕ ಪೆಪ್ಟೈಡೂ ಮೊಲದ ಮಿದುಳಿನಲ್ಲಿ ಡೆಲ್ಟಾ ತರಂಗಗಳನ್ನು ಹೆಚ್ಚಿಸಿತೆಂದು 1977ರಲ್ಲಿ ಪ್ರಕಟಿಸಿದರು. ಕಾಲದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಕೆಲಸವೇ ಆಗಿತ್ತು, ಬಾಸೆಲ್‌ನ ವಿಜ್ಞಾನಿಗಳನ್ನು ಹಳಿಯುವುದಕ್ಕೆ ಯಾವ ಕಾರಣವೂ ಇಲ್ಲ. ಒಂದು ವಸ್ತುವನ್ನು ಪತ್ತೆಹಚ್ಚಿದ ಮೇಲೆ ಮುಂದಿನ ಹೆಜ್ಜೆಗಳು ಯಾವುವು, ಅವು ನಡೆದವೇ ಎಂಬುದು ಈಗ ನೋಡಬೇಕಾದದ್ದು.

ಆ ಹೆಜ್ಜೆಗಳನ್ನು ಊಹೆಯಿಂದ ಪಟ್ಟಿಮಾಡುವುದಕ್ಕಿಂತ, ಅವು ಒಂದೊಂದಾಗಿ ನಿಜಕ್ಕೂ ನಡೆದ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡುವುದು ಲೇಸು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ಸಾಕುವ ಹುಳುಗಳಲ್ಲಿ ಮೈಸೂರು ತಳಿಯ ಮೊಟ್ಟೆ ಇಟ್ಟ ಸುಮಾರು ಹತ್ತು ದಿನಕ್ಕೆ ತಾನಾಗಿ ಒಡೆದು ಮರಿಯಾಗುತ್ತದೆ; ಬಿಳಿಗೂಡು ಕಟ್ಟುವ ದ್ವಿತಳಿಯ ಮೊಟ್ಟೆಯಾದರೋ ಸಹಜ ಸ್ಥಿತಿಯಲ್ಲಿ ಹಾಗೆ ಒಡೆಯುವುದಿಲ್ಲ, ಒಳಗಿನ ಭ್ರೂಣ ಬೆಳವಣಿಗೆಯನ್ನು ನಿಲ್ಲಿಸಿ ತಿಂಗಳುಗಟ್ಟಲೆ ಸುಪ್ತವಾಗಿ ಉಳಿಯುತ್ತದೆ. ಎರಡರ ವ್ಯತ್ಯಾಸ ಕಣ್ಣಿಗೆ ಕಾಣುವಂಥದು: ಸುಪ್ತಾವಸ್ಥೆಗೆ ಹೋಗುವ ಮೊಟ್ಟೆ ಕೆಲವೇ ದಿನಗಳಲ್ಲಿ ಕಂದುನೇರಳೆಗೆ ತಿರುಗುತ್ತದೆ, ಹೋಗದ ಮೊಟ್ಟೆ ಹಳದಿಯಾಗಿಯೇ ಉಳಿಯುತ್ತದೆ. ದ್ವಿತಳಿ ಮೊಟ್ಟೆಯನ್ನು ಬೇಗ ಮರಿಯಾಗಿಸಬೇಕಾದರೆ ಬಿತ್ತನೆ ಕೋಠಿಯಲ್ಲಿ, ಇಟ್ಟು ಸುಮಾರು 20 ಗಂಟೆಯಾದ ಮೊಟ್ಟೆಯನ್ನು 46 ಡಿಗ್ರಿ ಸೆಲ್ಸಿಯಸ್ ಬಿಸಿಯ, 1.075 ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ, ಆಮ್ಲ ಹೋಗುವಂತೆ ತೊಳೆದು, ನೆರಳಿನಲ್ಲಿ ಆರಿಸುತ್ತಾರೆ. ತಾಯಿ ಮೈಸೂರು ತಳಿ, ತಂದೆ ದ್ವಿತಳಿಯಾಗಿರುವ ಮಿಶ್ರತಳಿಯ, ರೈತರ ಬಾಯಲ್ಲಿ ಸಿಬಿ ಎನಿಸಿಕೊಂಡಿರುವ ಮೊಟ್ಟೆಗೆ ಈ ಆಮ್ಲಸ್ನಾನ ಬೇಕಿಲ್ಲ. ಮೊಟ್ಟೆ ಸುಪ್ತವಾಗಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ತಾಯಿ, ತಂದೆಯಲ್ಲ; ಅಂದರೆ ತಾಯಿಯ ದೇಹದಿಂದ ಯಾವುದೋ ಒಂದು ಸೂಚನೆ ಮೊಟ್ಟೆಗೆ ಹೋಗುತ್ತಿರಬೇಕು.

ಆ ಸೂಚನೆ ಎಲ್ಲಿಂದ ಹೊರಡುತ್ತದೆ ಎಂಬುದನ್ನು ಜಪಾನಿನ ಫುಕುದಾ ಮತ್ತು ಹಸೆಗಾವಾ ಎಂಬ ಇಬ್ಬರು 1951ರಲ್ಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಅವಲಂಬಿಸದೆ, ಕಂಡುಹಿಡಿದರು. ಗೂಡಿನೊಳಗಿನ ಕೋಶಾವಸ್ಥೆಯ ಹೆಣ್ಣಿನ ಅನ್ನನಾಳದ ಕೆಳಗಡೆ ಚಿಕ್ಕದೊಂದು ನರಗಂಟು ಇರುತ್ತದೆ. ಕಂದುಮೊಟ್ಟೆ ಇಡಬೇಕಾಗಿದ್ದ ಹೆಣ್ಣಿನಿಂದ ಆ ಗಂಟನ್ನು ತೆಗೆದುಹಾಕಿದಾಗ ಅದು ಹಳದಿ ಮೊಟ್ಟೆ ಇಟ್ಟಿತು. ಹಳದಿ ಮೊಟ್ಟೆ ಇಡಬೇಕಾಗಿದ್ದ ಹೆಣ್ಣಿಗೆ ಆ ಗಂಟನ್ನು ಕಸಿ ಮಾಡಿದಾಗ ಅದು ಕಂದುಮೊಟ್ಟೆ ಇಟ್ಟಿತು. ತೆಗೆದರೆ ಪರಿಣಾಮ ನಿಲ್ಲಬೇಕು, ಕೊಟ್ಟರೆ ಪರಿಣಾಮ ಬರಬೇಕು ಎಂಬ ಎರಡು ಮುಖದ ಪರೀಕ್ಷೆ ಇಲ್ಲಿ ಒಮ್ಮೆಲೇ ನೆರವೇರಿತಲ್ಲದೆ, ಎರಡು ಕಡೆ ಸ್ವತಂತ್ರವಾಗಿ ನೆರವೇರಿತು. ಪರಿಣಾಮವನ್ನು ಅಳೆಯುವ ಕೆಲಸವೂ ಯಾರ ಅಭಿಪ್ರಾಯಕ್ಕೂ ಬಿಟ್ಟದ್ದಾಗಿರಲಿಲ್ಲ: ಹಾಳೆಯ ಮೇಲಿನ ಮೊಟ್ಟೆಗಳಲ್ಲಿ ಕಂದು ಎಷ್ಟು, ಹಳದಿ ಎಷ್ಟು ಎಂದು ಎಣಿಸಿದರಾಯಿತು.

ಮುಂದೆ 40 ವರ್ಷ ಹಿಡಿಯಿತಾದರೂ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ನರಗಂಟುಗಳನ್ನು ಅಪಾರ ಸಂಖ್ಯೆಯಲ್ಲಿ ಸಂಗ್ರಹಿಸಿ, ಸಾರ ತೆಗೆದು, ಹಂತಹಂತವಾಗಿ ಶುದ್ಧೀಕರಿಸಿ, ಆ ಹಾರ್ಮೋನು 24 ಅಮೈನೋ ಆಮ್ಲಗಳ ಪೆಪ್ಟೈಡ್ ಎಂದು 1991ರಲ್ಲಿ ತೋರಿಸಲಾಯಿತು. ಅದನ್ನು ತಯಾರಿಸುವ ಜೀನ್, ಎಂದರೆ ವಂಶವಾಹಿ, 1993ರಲ್ಲಿ ದೊರೆಯಿತು. ಅಂಡಾಶಯದ ಕೋಶದ ಮೇಲೆ ಕೂತು ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಎಂಬ ಪ್ರೋಟೀನ್ 2006ರಲ್ಲಿ ಗುರುತಾಯಿತು. ತಾಯಿ ಹುಳು ತಾನು ಭ್ರೂಣವಾಗಿದ್ದಾಗ 25 ಡಿಗ್ರಿಯ ಬೆಚ್ಚನೆಯ, ಬೆಳಕಿರುವ ಜಾಗದಲ್ಲಿ ಬೆಳೆದಿದ್ದರೆ ಸುಪ್ತ ಮೊಟ್ಟೆಗಳನ್ನೂ, 15 ಡಿಗ್ರಿಯ ಕತ್ತಲೆಯಲ್ಲಿ ಬೆಳೆದಿದ್ದರೆ ಸುಪ್ತವಲ್ಲದ ಮೊಟ್ಟೆಗಳನ್ನೂ ಇಡುತ್ತದೆಂಬುದು ಹಳೆಯ ತಿಳಿವಳಿಕೆಯಾಗಿತ್ತು. ಆ ಉಷ್ಣತೆಯನ್ನು ಭ್ರೂಣ ಅರಿಯುವುದಕ್ಕೆ ನೆರವಾಗುವ ಪ್ರೋಟೀನ್ ಯಾವುದೆಂಬುದೂ 2014ರಲ್ಲಿ ಪ್ರಕಟವಾಯಿತು. ಅಂಗದಿಂದ ಅಣುವಿಗೆ, ಅಣುವಿನಿಂದ ಜೀನಿಗೆ, ಜೀನಿನಿಂದ ಗ್ರಾಹಕಕ್ಕೆ, ಅಲ್ಲಿಂದ ಹಿಂದಿರುಗಿ ಹವಾಮಾನಕ್ಕೆ ಎಂದು ಒಂದೊಂದು ಕೊಂಡಿಯೂ ಇನ್ನೊಂದಕ್ಕೆ ಸೇರಿತು. ಮೊಟ್ಟೆಯ ಸುಪ್ತಾವಸ್ಥೆ ಮನುಷ್ಯನ ನಿದ್ರೆಯಲ್ಲ ಎಂಬುದು ನಿಜ, ಇಲ್ಲಿ ಹೋಲಿಕೆಗೆ ತೆಗೆದುಕೊಂಡಿರುವುದು ಎರಡು ಸ್ಥಿತಿಗಳನ್ನಲ್ಲ, ಎರಡು ಸಾಕ್ಷ್ಯಸರಣಿಗಳನ್ನು.

ಈ ಅಳತೆಗೋಲನ್ನು ಡಿ.ಎಸ್.ಐ.ಪಿ.ಯ ಪಕ್ಕದಲ್ಲಿಟ್ಟಾಗ ಮೊದಲು ಕಾಣುವುದು ಜೀನಿನ ಗೈರುಹಾಜರಿ. ದೇಹ ತಾನೇ ತಯಾರಿಸುವ ಪೆಪ್ಟೈಡಾದರೆ ಅದರ ಅನುಕ್ರಮ ಯಾವುದೋ ಜೀನಿನಲ್ಲಿ ಬರೆದಿರಲೇಬೇಕು. ಮನುಷ್ಯನ ಜೀನುಗಳ ಪೂರ್ಣ ವಿವರ ಕೈಯಲ್ಲಿರುವ ಈ ಕಾಲದಲ್ಲಿ ಹಾಗೆ ಹುಡುಕುವುದು ಕಷ್ಟದ ಕೆಲಸವೂ ಅಲ್ಲ. ರಷ್ಯಾದ ವ್ಲಾದಿಮಿರ್ ಕೊವಾಲ್ಜೋನ್ ಮತ್ತು ತಾತ್ಯಾನಾ ಸ್ಟ್ರೆಕಲೋವಾ 2006ರಲ್ಲಿ ಬರೆದ ಸಮೀಕ್ಷೆ ಈ ಪೆಪ್ಟೈಡನ್ನು ಇನ್ನೂ ಬಿಡಿಸಲಾಗದ ಒಗಟೆಂದೇ ಕರೆದು, ಅದರ ಜೀನಾಗಲಿ, ಅದು ತುಂಡಾಗಿ ಬರಬೇಕಾದ ಮೂಲ ಪ್ರೋಟೀನಾಗಲಿ, ಗ್ರಾಹಕವಾಗಲಿ ದೊರೆತಿಲ್ಲವೆಂದು ಹೇಳಿತು. ರೇಷ್ಮೆಹುಳುವಿನ ಹಾರ್ಮೋನಿಗೆ ಗ್ರಾಹಕ ಸಿಕ್ಕ ವರ್ಷವೂ ಅದೇ. ಈ ಇಬ್ಬರು ವಿಮರ್ಶಕರು ಡಿ.ಎಸ್.ಐ.ಪಿ.ಯ ವಿರೋಧಿಗಳಲ್ಲ, ಅದರ ಮೇಲೆ ದುಡಿದವರು ಎಂಬುದರಿಂದ ಆ ಮಾತಿಗೆ ಹೆಚ್ಚು ಬೆಲೆ.

ಜೀನ್ ಸಿಗದಿದ್ದರೇನು, ರಕ್ತದಲ್ಲಿಯೂ ತಾಯಿಯ ಹಾಲಿನಲ್ಲಿಯೂ ಡಿ.ಎಸ್.ಐ.ಪಿ. ಕಂಡುಬಂದಿದೆಯಲ್ಲ ಎಂಬ ವಾದವುಂಟು. ಅಲ್ಲಿ ಕಂಡದ್ದು ಪ್ರತಿಕಾಯಗಳ ನೆರವಿನ ಪರೀಕ್ಷೆಯಲ್ಲಿ. ಪ್ರತಿಕಾಯ ಎಂದರೆ ನಿರ್ದಿಷ್ಟ ಅಣುವಿನ ಆಕಾರಕ್ಕೆ ಅಂಟಿಕೊಳ್ಳುವ ಪ್ರೋಟೀನ್. ಅದು ಅಂಟುವುದು ಅಣುವಿನ ಒಂದು ಭಾಗಕ್ಕೆ ಮಾತ್ರವಾದ್ದರಿಂದ, ಅದೇ ಬಗೆಯ ಭಾಗವಿರುವ ಬೇರೊಂದು ಪ್ರೋಟೀನಿಗೂ ಅಂಟಬಲ್ಲದು. ಆದ್ದರಿಂದಲೇ ಎಚ್ಚರಿಕೆಯುಳ್ಳ ಲೇಖಕರು ‘ಡಿ.ಎಸ್.ಐ.ಪಿ.’ ಎನ್ನದೆ ‘ಡಿ.ಎಸ್.ಐ.ಪಿ.ಯಂತೆ ವರ್ತಿಸುವ ವಸ್ತು’ ಎಂದೇ ಬರೆದರು. ಆ ಎಚ್ಚರಿಕೆ ಮಾರಾಟದ ಬರಹಗಳಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ.

ಪ್ರಮಾಣ ಮತ್ತು ಪರಿಣಾಮಗಳ ಸಂಬಂಧವೂ ತೊಡಕಿನದು. ಸಾಮಾನ್ಯವಾಗಿ ಔಷಧದ ಪ್ರಮಾಣ ಏರಿದಂತೆ ಪರಿಣಾಮವೂ ಒಂದು ಮಟ್ಟದವರೆಗೆ ಏರಿ ಅಲ್ಲಿ ನಿಲ್ಲುತ್ತದೆ, ಡಿ.ಎಸ್.ಐ.ಪಿ.ಯ ಪ್ರಾಣಿಪ್ರಯೋಗಗಳಲ್ಲಿ ನಡುವಿನ ಕಿರಿದಾದೊಂದು ಪ್ರಮಾಣದಲ್ಲಿ ಪರಿಣಾಮ ಕಾಣಿಸಿಕೊಂಡು, ಪ್ರಮಾಣ ಅದಕ್ಕಿಂತ ಹೆಚ್ಚಿದರೂ ಕಡಿಮೆಯಾದರೂ ಮಾಯವಾಗುತ್ತಿತ್ತೆಂದು ವರದಿಯಾಗಿದೆ. ಇಂಥ ವರ್ತನೆ ಜೀವಿಗಳಲ್ಲಿ ಅಸಂಭವವೇನಲ್ಲ. ಆದರೆ ಇದನ್ನು ಒಪ್ಪಿಕೊಂಡುಬಿಟ್ಟರೆ, ಪರಿಣಾಮ ಕಾಣದ ಯಾವ ಪ್ರಯೋಗವನ್ನೂ ‘ಪ್ರಮಾಣ ಸರಿಯಿರಲಿಲ್ಲ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕಬಹುದು. ಸೋಲಲು ಅವಕಾಶವೇ ಇಲ್ಲದ ಊಹೆ ಗೆದ್ದಿತೆಂದು ಹೇಳುವುದರಲ್ಲಿ ಅರ್ಥವಿಲ್ಲ. ಇದರ ಜೊತೆಗೆ ಈ ಪೆಪ್ಟೈಡು ರಕ್ತದಲ್ಲಿ ನಿಮಿಷಗಳ ಲೆಕ್ಕದಲ್ಲಿ ಒಡೆದುಹೋಗುತ್ತದೆ. ರಕ್ತದಿಂದ ಮಿದುಳಿಗೆ ಸ್ವಲ್ಪ ಅಂಶ ದಾಟಬಲ್ಲದೆಂದು ಪ್ರಾಣಿಗಳಲ್ಲಿ ತೋರಿಸಿದ್ದಾರಾದರೂ, ಇಷ್ಟು ಬೇಗ ಇಲ್ಲವಾಗುವ ವಸ್ತು ಇಡೀ ರಾತ್ರಿಯ ನಿದ್ರೆಯನ್ನು, ಕೆಲವು ವರದಿಗಳ ಪ್ರಕಾರ ಮುಂದಿನ ರಾತ್ರಿಗಳನ್ನೂ, ಹೇಗೆ ಬದಲಿಸುತ್ತದೆಂಬುದಕ್ಕೆ ನಂಬತಕ್ಕ ವಿವರಣೆ ಬೇಕಾಗುತ್ತದೆ. ವರ್ಷಗಳು ಕಳೆದಂತೆ ನಿದ್ರೆಯ ಪಕ್ಕದಲ್ಲಿ ನೋವು, ಮಾನಸಿಕ ಒತ್ತಡ, ಮದ್ಯ ಮತ್ತು ಅಫೀಮು ಬಿಟ್ಟಾಗಿನ ಸಂಕಟ ಹೀಗೆ ಇದರ ಗುಣಗಳ ಪಟ್ಟಿ ಬೆಳೆಯುತ್ತ ಹೋಯಿತು. ಪಟ್ಟಿ ಉದ್ದವಾದಷ್ಟೂ ಪ್ರತಿಯೊಂದು ಗುಣದ ಹಿಂದಿನ ಸಾಕ್ಷ್ಯ ತೆಳುವಾಗುವುದು ಔಷಧಗಳ ಚರಿತ್ರೆಯಲ್ಲಿ ಅಪರೂಪವಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬಂದರೆ, 1980ರ ದಶಕದ ಮೊದಲ ವರ್ಷಗಳಲ್ಲಿ ಡೀಟ್ರಿಷ್ ಷ್ನೈಡರ್-ಹೆಲ್ಮರ್ಟ್ ಮತ್ತು ಸಂಗಡಿಗರು ದೇಹತೂಕದ ಪ್ರತಿ ಕಿಲೋಗೆ 25 ನ್ಯಾನೋಮೋಲ್ ಪ್ರಮಾಣದಲ್ಲಿ ಇದನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು ಒಳ್ಳೆಯ ಫಲ ಕಂಡರೆಂದು ಬರೆದರು. ನ್ಯಾನೋಮೋಲ್ ಎಂಬುದು ಅಣುಗಳ ಸಂಖ್ಯೆಯನ್ನು ಹೇಳುವ ಅಳತೆ. ಈ ಪೆಪ್ಟೈಡಿನ ಅಣುತೂಕ ಸುಮಾರು 849 ಆಗಿರುವುದರಿಂದ 60 ಕಿಲೋ ತೂಗುವವನಿಗೆ ಅದು 1.3 ಮಿಲಿಗ್ರಾಂನಷ್ಟಾಗುತ್ತದೆ. ಪ್ರಯೋಗಕ್ಕೆ ಒಳಪಟ್ಟವರ ಸಂಖ್ಯೆ ಅವುಗಳಲ್ಲಿ ಬಹಳ ಚಿಕ್ಕದು. ನಿದ್ರಾಹೀನತೆಯಲ್ಲಿ ಚಿಕ್ಕ ಪ್ರಯೋಗ ಹೆಚ್ಚು ಅಪಾಯಕರ, ಏಕೆಂದರೆ ಈ ತೊಂದರೆ ದಿನದಿಂದ ದಿನಕ್ಕೆ ತಾನಾಗಿಯೇ ಏರಿಳಿಯುತ್ತದೆ. ಜನ ಆಸ್ಪತ್ರೆಗೆ ಬರುವುದು ತೀರ ಕೆಟ್ಟ ದಿನಗಳಲ್ಲಿ. ಏನನ್ನೂ ಕೊಡದಿದ್ದರೂ ಮುಂದಿನ ವಾರ ಅವರು ಸ್ವಲ್ಪ ಸುಧಾರಿಸುವ ಸಂಭವವೇ ಹೆಚ್ಚು. ಪ್ರಯೋಗಾಲಯದ ಅಪರಿಚಿತ ಹಾಸಿಗೆಯಲ್ಲಿ, ತಲೆತುಂಬ ತಂತಿ ಅಂಟಿಸಿಕೊಂಡು ಮಲಗುವ ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ರೆ ಬಾರದು, ಎರಡನೆಯ ರಾತ್ರಿ ಬರುತ್ತದೆ. ಎರಡನೆಯ ರಾತ್ರಿ ಔಷಧ ಕೊಟ್ಟಿದ್ದರೆ ಕೀರ್ತಿ ಔಷಧಕ್ಕೆ ಸಲ್ಲುತ್ತದೆ. ಔಷಧ ದೊರೆಯಿತೆಂಬ ನೆಮ್ಮದಿಯೂ ನಿದ್ರೆ ತರುತ್ತದೆ.

ಇವೆಲ್ಲವನ್ನೂ ಕಳೆದು ನೋಡುವುದಕ್ಕಾಗಿಯೇ, ನಿಜವಾದ ಔಷಧವನ್ನೂ ನೋಡಲು ಅದರಂತೆಯೇ ಇರುವ ಪ್ಲಸೀಬೊ ಎಂಬ ಹುಸಿಮದ್ದನ್ನೂ ಎರಡು ಗುಂಪುಗಳಿಗೆ ಹಂಚಿ, ಯಾರಿಗೆ ಯಾವುದು ಹೋಯಿತೆಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆಸುವ ಡಬಲ್ ಬ್ಲೈಂಡ್ ಪರೀಕ್ಷೆ ಬಂದದ್ದು. ಡಿ.ಎಸ್.ಐ.ಪಿ.ಯ ಬಗ್ಗೆ ಇಂಥ ಪರೀಕ್ಷೆಯೊಂದನ್ನು ಎಫ್. ಬೆಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ದೀರ್ಘಕಾಲದ ನಿದ್ರಾಹೀನತೆಯುಳ್ಳ 16 ಮಂದಿಯನ್ನು ಒಬ್ಬರಿಗೊಬ್ಬರು ಹೊಂದುವಂತೆ ಜೋಡಿ ಮಾಡಿ, ಜೋಡಿಯಲ್ಲಿ ಒಬ್ಬರಿಗೆ ಪೆಪ್ಟೈಡನ್ನೂ ಇನ್ನೊಬ್ಬರಿಗೆ ಹುಸಿಮದ್ದನ್ನೂ ಕೊಟ್ಟರು. ಪೆಪ್ಟೈಡ್ ಪಡೆದವರಿಗೆ ನಿದ್ರೆ ಹತ್ತಲು ಹಿಡಿದ ಸಮಯ ಕಡಿಮೆಯಾಗಿತ್ತು, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ರೆಯ ಪಾಲು ಹೆಚ್ಚಾಗಿತ್ತು. ಈ ಎರಡು ಮಾತುಗಳನ್ನಷ್ಟೇ ಕತ್ತರಿಸಿ ತೋರಿಸಿದರೆ ಪೆಪ್ಟೈಡ್ ಗೆದ್ದಂತೆ ಕಾಣುತ್ತದೆ, ಮಾರುವವರು ತೋರಿಸುವುದೂ ಅಷ್ಟನ್ನೇ. ಅದೇ ಲೇಖಕರು ಮುಂದುವರಿದು, ಈ ಪರಿಣಾಮಗಳು ದುರ್ಬಲವಾಗಿದ್ದವೆಂದೂ, ಹುಸಿಮದ್ದಿನ ಗುಂಪಿನಲ್ಲಿ ಆಕಸ್ಮಿಕವಾಗಿ ಆದ ಬದಲಾವಣೆಯಿಂದಲೇ ಭಾಗಶಃ ಹಾಗೆ ಕಂಡಿರಬಹುದೆಂದೂ, ನಿದ್ರೆ ಹೇಗಿತ್ತೆಂದು ರೋಗಿಗಳನ್ನೇ ಕೇಳಿದಾಗ ಯಾವ ವ್ಯತ್ಯಾಸವೂ ತೋರಲಿಲ್ಲವೆಂದೂ ದಾಖಲಿಸಿ, ಅಲ್ಪಾವಧಿಯ ಚಿಕಿತ್ಸೆಯಾಗಿ ಇದರಿಂದ ದೊಡ್ಡ ಪ್ರಯೋಜನ ದೊರೆಯುವ ಸಂಭವವಿಲ್ಲವೆಂದು ತೀರ್ಮಾನಿಸಿದರು. ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಮಾತನ್ನು ಸೇರಿಸಬೇಕು. ಒಂದು ವ್ಯತ್ಯಾಸ ಕೇವಲ ಆಕಸ್ಮಿಕದಿಂದ ಕಾಣಿಸಿಕೊಳ್ಳುವ ಸಂಭವ 20ರಲ್ಲಿ 1ಕ್ಕಿಂತ ಕಡಿಮೆಯಿದ್ದರೆ ಅದನ್ನು ಗಣನೀಯವೆನ್ನುವುದು ವಾಡಿಕೆ. ನಿದ್ರೆಯ ಪರೀಕ್ಷೆಯಲ್ಲಾದರೋ ನಿದ್ರೆಯ ಅವಧಿ, ಹಂತಗಳು, ಎಚ್ಚರಗೊಂಡ ಸಂಖ್ಯೆ, ಬೆಳಗಿನ ಆಯಾಸ ಎಂದು ಹತ್ತಿಪ್ಪತ್ತು ಅಳತೆಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದರಿಂದ, ಔಷಧ ಬರೀ ನೀರಾಗಿದ್ದರೂ ಅವುಗಳಲ್ಲಿ ಒಂದೋ ಎರಡೋ ‘ಗಣನೀಯ’ವಾಗಿ ಬರುವುದು ಸಹಜ.

ಮನುಷ್ಯನ ನಿದ್ರೆಯಲ್ಲಿ ಪೆಪ್ಟೈಡುಗಳಿಗೆ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಓರೆಕ್ಸಿನ್ ಎಂಬ ಪೆಪ್ಟೈಡನ್ನು ಎರಡು ತಂಡಗಳು 1998ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದವು. ಮರುವರ್ಷವೇ, ಹಗಲಿನಲ್ಲಿ ಇದ್ದಕ್ಕಿದ್ದಂತೆ ನಿದ್ರೆಗೆ ಬೀಳುವ ನಾರ್ಕೊಲೆಪ್ಸಿ ಎಂಬ ಕಾಯಿಲೆಯ ಡೋಬರ್ಮನ್ ಮತ್ತು ಲ್ಯಾಬ್ರಡಾರ್ ನಾಯಿಗಳಲ್ಲಿ ಅದರ ಗ್ರಾಹಕದ ಜೀನ್ ಕೆಟ್ಟಿರುವುದು ಸ್ಟ್ಯಾನ್‌ಫರ್ಡ್‌ನಲ್ಲಿ ಪತ್ತೆಯಾಯಿತು. ಓರೆಕ್ಸಿನ್ ತಯಾರಿಸಲಾಗದ ಇಲಿಗಳೂ ಹಾಗೆಯೇ ವರ್ತಿಸಿದವು. 2000ದಲ್ಲಿ, ಅದೇ ಕಾಯಿಲೆಯ ಮನುಷ್ಯರ ಮಿದುಳಿನಲ್ಲಿ ಓರೆಕ್ಸಿನ್ ಕೋಶಗಳು ನಾಶವಾಗಿರುವುದು ಕಂಡುಬಂತು. ಗ್ರಾಹಕವನ್ನು ತಡೆದು ನಿದ್ರೆ ತರುವ ಸುವೊರೆಕ್ಸಾಂಟ್ ಮಾತ್ರೆಗೆ 2014ರಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಹದಿನಾರು ವರ್ಷಗಳಲ್ಲಿ ಇಷ್ಟೂ ನಡೆಯಿತು. ಈ ಪೆಪ್ಟೈಡ್ ನಿದ್ರೆಯದ್ದಲ್ಲ, ಎಚ್ಚರದ್ದು ಎಂಬುದೊಂದು ವಿಶೇಷ.

ಕರ್ನಾಟಕದ ಅಧ್ಯಯನಗಳಿಗೂ ಇದೇ ಅಳತೆ ಅನ್ವಯಿಸಬೇಕು, ನಮ್ಮವೆಂಬ ಕಾರಣಕ್ಕೆ ರಿಯಾಯಿತಿ ಸಲ್ಲದು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಎನ್.ಕೆ. ಮಂಜುನಾಥ್ ಮತ್ತು ಶಿರ್ಲಿ ಟೆಲ್ಲೆಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 69 ಮಂದಿ ವೃದ್ಧರನ್ನು ಯೋಗ, ಆಯುರ್ವೇದ ಔಷಧ ಮತ್ತು ಸದ್ಯಕ್ಕೆ ಏನೂ ಇಲ್ಲದ ಕಾಯುವ ಗುಂಪು ಎಂದು ಆಯ್ಕೆಯಲ್ಲಿ ಪಕ್ಷಪಾತವಿಲ್ಲದಂತೆ ಹಂಚಲಾಗಿತ್ತು. ಆರು ತಿಂಗಳ ನಂತರ ಯೋಗದ ಗುಂಪಿನಲ್ಲಿ ನಿದ್ರೆ ಹತ್ತುವ ಸಮಯ ಸುಮಾರು 10 ನಿಮಿಷ ಕಡಿಮೆಯಾಗಿ, ಒಟ್ಟು ನಿದ್ರೆ ಸುಮಾರು 60 ನಿಮಿಷ ಹೆಚ್ಚಿತ್ತು; ಉಳಿದೆರಡು ಗುಂಪುಗಳಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಗುಂಪುಗಳ ಹಂಚಿಕೆಯೂ ಆರು ತಿಂಗಳ ಅವಧಿಯೂ ಈ ಅಧ್ಯಯನದ ಬಲ. ನಿದ್ರೆಯನ್ನು ತಂತಿ ಹಚ್ಚಿ ಅಳೆಯದೆ ವೃದ್ಧರ ಹೇಳಿಕೆಯಿಂದ ಲೆಕ್ಕಹಾಕಿದ್ದು, ಮತ್ತು ಯೋಗ ಮಾಡುತ್ತಿದ್ದೇವೆಂಬುದು ಮಾಡುವವರಿಗೆ ಗೊತ್ತಿರಲೇಬೇಕಾದ್ದರಿಂದ ನಿರೀಕ್ಷೆಯ ಪಾಲನ್ನು ಕಳೆಯಲಾಗದೆ ಇದ್ದದ್ದು ಅದರ ಮಿತಿ. ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಬಿಂದು ಎಂ. ಕುಟ್ಟಿ ಅವರ ತಂಡ ವಿಪಸ್ಸನ ಧ್ಯಾನಿಗಳ ನಿದ್ರೆಯನ್ನು ಇ.ಇ.ಜಿ.ಯಿಂದಲೇ ಅಳೆದು, ನಡುವಯಸ್ಸಿನಲ್ಲಿ ಇತರರಿಗೆ ಕುಗ್ಗುವ ಆಳನಿದ್ರೆ ಧ್ಯಾನಿಗಳಲ್ಲಿ ಉಳಿದುಕೊಂಡಿರುವುದನ್ನು ಕಂಡಿತು. ಇಲ್ಲಿ ಅಳತೆ ಗಟ್ಟಿಯಾಗಿದೆ, ಹಂಚಿಕೆ ಇಲ್ಲ: ಧ್ಯಾನ ಆಳನಿದ್ರೆಯನ್ನು ಕಾಪಾಡಿತೋ, ಆಳನಿದ್ರೆ ಬರುವ ಸ್ವಭಾವದವರೇ ವರ್ಷಗಟ್ಟಲೆ ಧ್ಯಾನಕ್ಕೆ ನಿಂತರೋ ಎಂಬುದನ್ನು ಹೋಲಿಕೆಯಷ್ಟರಿಂದ ಬೇರ್ಪಡಿಸಲಾಗದು. ಇವೆರಡೂ ಡಿ.ಎಸ್.ಐ.ಪಿ.ಯ ಆರಂಭದ ವರದಿಗಳಿಗಿಂತ ದೊಡ್ಡ ಮಾತನ್ನೇನೂ ಆಡಿಲ್ಲ. ಆಡಿದಷ್ಟನ್ನು ಅಳತೆಯೊಳಗೆ ಆಡಿವೆ.

ಮಾರುಕಟ್ಟೆಯ ಸೀಸೆಗೆ ಹಿಂದಿರುಗಿದರೆ, ಮಾರುವವರು ಅದರೊಂದಿಗೆ ಶೇಕಡ 99 ಶುದ್ಧವೆಂಬ ವಿಶ್ಲೇಷಣಾ ಪತ್ರವನ್ನು ಕೊಡುವುದುಂಟು. ಪತ್ರ ಪ್ರಾಮಾಣಿಕವಾಗಿಯೇ ಇದ್ದರೂ ಅದು ಹೇಳುವುದು ಸೀಸೆಯಲ್ಲಿ ಯಾವ ಪುಡಿ ಇದೆಯೆಂಬುದನ್ನೇ ಹೊರತು ಆ ಪುಡಿ ದೇಹದಲ್ಲಿ ಏನು ಮಾಡುತ್ತದೆಂಬುದನ್ನಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯ ತೂಕದ ಚೀಟಿ ಸರಿಯಿದ್ದ ಮಾತ್ರಕ್ಕೆ ಗೂಡು ಚೆನ್ನಾಗಿ ನೂಲು ಬಿಚ್ಚುತ್ತದೆಂದು ಯಾವ ರೀಲರೂ ನಂಬುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ, ಔಷಧಾಲಯಗಳು ತಾವೇ ಬೆರೆಸಿ ಕೊಡುವ ಸಿದ್ಧತೆಗಳ ಮಟ್ಟಿಗೆ, ಎಮಿಡೆಲ್ಟೈಡ್ ಎಂಬ ಹೆಸರಿನಲ್ಲಿ ಡಿ.ಎಸ್.ಐ.ಪಿ.ಯನ್ನು ಸುರಕ್ಷತೆಯ ಬಗ್ಗೆ ಗಂಭೀರ ಅನುಮಾನವಿರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಹೊರಗಿನಿಂದ ಚುಚ್ಚಿದ ಪೆಪ್ಟೈಡಿಗೂ ಅದರೊಂದಿಗೆ ಉಳಿದಿರಬಹುದಾದ ಅರೆಬರೆ ತುಣುಕುಗಳಿಗೂ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳಬಹುದೆಂಬುದು ಅಂಥ ಅನುಮಾನಗಳಲ್ಲಿ ಮುಖ್ಯವಾದದ್ದು. ಭಾರತದಲ್ಲಿ ಹೊಸ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸಲು 2019ರ ನಿಯಮಗಳ ಪ್ರಕಾರ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕು; ಪ್ರಯೋಗ ಆರಂಭವಾಗುವ ಮೊದಲೇ ಅದನ್ನು ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯ. ಮುಂಚೆಯೇ ದಾಖಲಾದರೆ ಸೋತ ಪ್ರಯೋಗವನ್ನು ಮುಚ್ಚಿಡುವುದೂ, ಹತ್ತಿಪ್ಪತ್ತು ಅಳತೆಗಳಲ್ಲಿ ಗೆದ್ದದ್ದನ್ನಷ್ಟೇ ಆರಿಸಿ ತೋರಿಸುವುದೂ ಕಷ್ಟವಾಗುತ್ತದೆ. ಡಿ.ಎಸ್.ಐ.ಪಿ.ಯ ಮನುಷ್ಯಪ್ರಯೋಗಗಳು ನಡೆದ ಕಾಲಕ್ಕೆ ಇಂಥ ನೋಂದಣಿ ಎಲ್ಲಿಯೂ ಕಡ್ಡಾಯವಿರಲಿಲ್ಲವಾದ್ದರಿಂದ, ಈಗ ಕೈಗೆ ಸಿಗುವ ವರದಿಗಳ ಹಿಂದೆ ಅಚ್ಚಾಗದೆ ಉಳಿದವು ಇದ್ದರೂ ಅವನ್ನು ಲೆಕ್ಕಕ್ಕೆ ತರಲು ದಾರಿಯಿಲ್ಲ.

ಪ್ರಶ್ನೆಯನ್ನು ಇತ್ಯರ್ಥಗೊಳಿಸಬಲ್ಲ ಪ್ರಯೋಗದ ರೂಪ ಕಷ್ಟದ್ದೇನಲ್ಲ: ನೂರಾರು ರೋಗಿಗಳು, ಮೊದಲೇ ಘೋಷಿಸಿದ ಒಂದೇ ಮುಖ್ಯ ಅಳತೆ, ಹುಸಿಮದ್ದಿನ ಗುಂಪು, ಇಡೀ ರಾತ್ರಿಯ ಇ.ಇ.ಜಿ., ಕೆಲವು ತಿಂಗಳ ಅನುಸರಣೆ. ಕಷ್ಟವಿರುವುದು ಹಣದಲ್ಲಿ. ಅನುಕ್ರಮ 1977ರಲ್ಲೇ ಬಹಿರಂಗವಾದ ಅಣುವಿನ ಮೇಲೆ ಏಕಸ್ವಾಮ್ಯ ಸಿಗುವುದು ಕಷ್ಟವಾದ್ದರಿಂದ ದೊಡ್ಡ ಔಷಧ ಕಂಪನಿಗಳು ಅಷ್ಟು ಖರ್ಚಿಗೆ ಮುಂದಾಗುವ ಸಂಭವ ಕಡಿಮೆ. ಪ್ರಯೋಗವಿಲ್ಲದೆಯೇ ಪುಡಿ ಮಾರಾಟವಾಗುತ್ತಿರುವುದರಿಂದ ಈಗಿನ ಮಾರಾಟಗಾರರಿಗೆ ಅದು ಬೇಕಾಗಿಯೂ ಇಲ್ಲ. ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಗಳಿಗೆ ಅದನ್ನು ನಡೆಸುವ ಸಾಮರ್ಥ್ಯವಿದೆ. ಆದರೆ ಜೀನೂ ಗ್ರಾಹಕವೂ ಸಿಗದ, ಡಬಲ್ ಬ್ಲೈಂಡ್ ಪರೀಕ್ಷೆಯಲ್ಲಿ ರೋಗಿಗಳಿಗೇ ವ್ಯತ್ಯಾಸ ತಿಳಿಯದ ಅಣುವಿನ ಮೇಲೆ ಸಾರ್ವಜನಿಕ ಹಣ ಹಾಕುವುದಕ್ಕಿಂತ, ಮಲಗುವ ಏಳುವ ಹೊತ್ತನ್ನು ಕಟ್ಟುನಿಟ್ಟು ಮಾಡಿ, ನಿದ್ರೆ ಬಾರದಿದ್ದಾಗ ಹಾಸಿಗೆ ಬಿಟ್ಟೇಳುವುದನ್ನು ಕಲಿಸಿ, ನಿದ್ರೆಯ ಬಗೆಗಿನ ಆತಂಕವನ್ನು ಮಾತಿನಿಂದ ಸಡಿಲಿಸುವ, ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯೆಂದು ಶಿಫಾರಸು ಮಾಡಿದ ವರ್ತನಾ ಚಿಕಿತ್ಸೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಚನ್ನಪಟ್ಟಣ, ಮಾಗಡಿ, ಕನಕಪುರಗಳಂಥ ತಾಲ್ಲೂಕು ಆಸ್ಪತ್ರೆಗಳಿಗೆ ಮುಟ್ಟಿಸಲು ಅದೇ ಹಣವನ್ನು ಬಳಸುವುದು ಹೆಚ್ಚು ಸಮರ್ಥನೀಯವಾಗಿ ಕಾಣುತ್ತದೆ.